ಅದೇ ಗಿಡದ ಬೀಜ, ಅದೇ ಗಿಡ ಅಲ್ಲ

ನ್ಯಾಮತಿ ತಾಲೂಕಾಗಿದ್ದು 2018ರಲ್ಲಿ. ಅಲ್ಲಿವರೆಗೂ ಅದು ಹೊನ್ನಾಳಿ ತಾಲೂಕಿಗೆ ಸೇರಿತ್ತು. ಅದಕ್ಕೂ ಇಪ್ಪತ್ತು ವರ್ಷ ಮೊದಲು, 1997ರಲ್ಲಿ ದಾವಣಗೆರೆ ಜಿಲ್ಲೆ ಹುಟ್ಟಿದಾಗ ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಿಂದ ಬಂದವು, ನಮ್ಮ ಜಗಳೂರು ಚಿತ್ರದುರ್ಗದಿಂದ ಬಂತು. ಹಾಗಾಗಿ ಸರ್ಕಾರ ಒಂದನ್ನ ಎರಡು ಮಾಡೋದು ಹೇಗೆ ಅಂತ ನಮ್ಮ ಕಡೆಯವರಿಗೆ ಚೆನ್ನಾಗಿ ಗೊತ್ತು. ಊರು ಹಂಚ್ತಾರೆ, ಫೈಲು ಹಂಚ್ತಾರೆ, ನೌಕರರನ್ನ ಹಂಚ್ತಾರೆ. ಇಷ್ಟು ನಿಮಗೆ, ಇಷ್ಟು ನಮಗೆ.

ಜೀವಕೋಶ ಹೀಗೆ ಪಾಲು ಮಾಡಿದ್ರೆ ಒಂದು ಹುಲ್ಲುಕಡ್ಡಿನೂ ಬೆಳೀತಿರಲಿಲ್ಲ. ಅದು ಮೊದಲು ತನ್ನ ಹತ್ತಿರ ಇರೋ ಎಲ್ಲ ದಾಖಲೆಯನ್ನೂ ಒಂದಕ್ಷರ ಬಿಡದೆ ಇನ್ನೊಂದು ಪ್ರತಿ ಮಾಡಿಕೊಳ್ಳುತ್ತೆ. ಆಮೇಲೆ ಎರಡಾಗುತ್ತೆ. ಎರಡೂ ಕಡೆ ಪೂರ್ತಿ ಕಚೇರಿ, ಪೂರ್ತಿ ಫೈಲು.

ಈ ವಿಷಯ ನನ್ನ ತಲೆಗೆ ಹತ್ತಿದ್ದು ಊರಲ್ಲಿ ನಮ್ಮ ದೊಡ್ಡಪ್ಪ ಕೇಳಿದ ಒಂದು ಪ್ರಶ್ನೆಯಿಂದ. "ಅಲ್ಲ ಕಣಪ್ಪ, ಪ್ಯಾಕೆಟ್ ಬೀಜ ಹಾಕ್ತೀವಿ, ಗಿಡ ಎಲ್ಲ ಒಂದೇ ಸಮ ಬರ್ತವೆ. ಅದೇ ಗಿಡದ ಬೀಜ ಎತ್ತಿಟ್ಟು ಮುಂದಿನ ವರ್ಷ ಹಾಕಿದ್ರೆ ಯಾಕೆ ಹಂಗೆ ಬರಲ್ಲ? ಕಂಪನಿಯವರು ಏನು ಸೇರಿಸಿರ್ತಾರೆ ಅದಕ್ಕೆ?" ಜಗಳೂರಲ್ಲಿ, ಹೊನ್ನಾಳಿಯಲ್ಲಿ, ಹತ್ತಿ ಅಥವಾ ಮೆಕ್ಕೆಜೋಳ ಬೆಳೆಯೋ ಯಾವ ಊರಿಗೆ ಹೋದ್ರೂ ಈ ಅನುಮಾನ ಇದೆ. ನಾನು ಬಿಇ ಓದಿ ಕೋಡ್ ಬರೆಯೋನು, ಜೀವಶಾಸ್ತ್ರದವನಲ್ಲ. ಆದ್ರೆ ಒಂದು ಪ್ರತಿ ಮಾಡಿದ್ದು ಯಾಕೆ ಮೂಲದ ಹಾಗಿಲ್ಲ ಅನ್ನೋದು ನಮ್ಮ ಕಸುಬಿನ ಪ್ರಶ್ನೆಯೂ ಹೌದು. ಹುಡುಕ್ತಾ ಹೋದೆ. ಉತ್ತರಕ್ಕೆ ನೂರನಲವತ್ತು ವರ್ಷದ ಇತಿಹಾಸ ಇದೆ, ಅದರ ಒಂದು ಮುಖ್ಯ ಅಧ್ಯಾಯ ನಮ್ಮ ಧಾರವಾಡದಲ್ಲೇ ನಡೆದಿದೆ.

ಮೊದಲು ವಿಭಜನೆಯನ್ನ ಕಂಡವರ ಕಥೆ. ಪಿಯುಸಿಯಲ್ಲಿ ಸೈನ್ಸ್ ತಗೊಂಡವರಿಗೆ ಈರುಳ್ಳಿ ಬೇರಿನ ಪ್ರಯೋಗ ನೆನಪಿರಬೇಕು. ಬೇರಿನ ತುದಿ ಕತ್ತರಿಸಿ, ಬಣ್ಣ ಹಾಕಿ, ಗಾಜಿನ ಮಧ್ಯೆ ಒತ್ತಿ, ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಕೋಶದೊಳಗೆ ದಾರದ ತುಂಡುಗಳ ಹಾಗೆ ಕಾಣುತ್ತೆ. ಅವೇ ವರ್ಣತಂತುಗಳು, ಈರುಳ್ಳಿಗೆ 16. ಜರ್ಮನಿಯ ವಾಲ್ಟರ್ ಫ್ಲೆಮಿಂಗ್ ಸಾಲಮಾಂಡರ್ ಮರಿಗಳ ಕೋಶಕ್ಕೆ ಹೀಗೇ ಬಣ್ಣ ಹಾಕಿ, ದಾರಗಳು ಉದ್ದಕ್ಕೆ ಸೀಳಿ ಎರಡು ದಿಕ್ಕಿಗೆ ಹೋಗೋದನ್ನ ಹಂತ ಹಂತವಾಗಿ ಚಿತ್ರ ಬರೆದು 1882ರಲ್ಲಿ ಪುಸ್ತಕ ಮಾಡಿದ. ಗ್ರೀಕಿನಲ್ಲಿ ದಾರಕ್ಕೆ 'ಮಿಟೋಸ್' ಅಂತಾರಲ್ಲ, ಅದರಿಂದ ಮೈಟಾಸಿಸ್ ಅನ್ನೋ ಹೆಸರು ಕೊಟ್ಟ. ಆದ್ರೆ ದಾರ ಸೀಳೋಕೂ ಮುಂಚೆ ಎರಡು ಪ್ರತಿ ಹೇಗಾಯ್ತು ಅನ್ನೋದು ಅವನಿಗೆ ಕಾಣಲಿಲ್ಲ.

ಅದಕ್ಕೆ ಇನ್ನೂ ಎಪ್ಪತ್ತು ವರ್ಷ ಬೇಕಾಯ್ತು. 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಡಿಎನ್‌ಎ ಅಂದ್ರೆ ಹೆಣೆದುಕೊಂಡ ಎರಡು ಎಳೆ ಅಂತ ತೋರಿಸಿದ್ರು. ನಾಲ್ಕೇ ಅಕ್ಷರ, ಎ ಎದುರಿಗೆ ಟಿ, ಜಿ ಎದುರಿಗೆ ಸಿ. ಒಂದು ಎಳೆ ಗೊತ್ತಿದ್ರೆ ಇನ್ನೊಂದನ್ನ ಬರೀಬಹುದು. ಹಾಗಾದ್ರೆ ಪ್ರತಿ ಮಾಡುವಾಗ ಹಳೇ ಎರಡೂ ಎಳೆ ಒಟ್ಟಿಗೇ ಉಳಿದು ಹೊಸ ಜೋಡಿ ಬೇರೆ ಆಗುತ್ತಾ, ಇಲ್ಲ ಒಂದು ಹಳೇ ಎಳೆ ಒಂದು ಹೊಸ ಎಳೆ ಸೇರಿ ಜೋಡಿ ಆಗುತ್ತಾ? 1957ರಲ್ಲಿ ಹರ್ಬರ್ಟ್ ಟೇಲರ್ ಮತ್ತು ಜೊತೆಗಾರರು ಫಾಬಾ ಬೀನ್ಸ್ ಗಿಡದ ಬೇರಿನ ತುದಿಗೆ ವಿಕಿರಣ ಇರೋ ಕಚ್ಚಾವಸ್ತು ಕುಡಿಸಿ, ಹೊಸದಾಗಿ ಬರೆದ ಎಳೆ ಯಾವ ಕಡೆ ಹೋಯ್ತು ಅಂತ ಫೋಟೋ ಫಿಲ್ಮಿನ ಮೇಲೆ ಹಿಡಿದ್ರು. ಮರುವರ್ಷ ಮೆಸೆಲ್ಸನ್ ಮತ್ತು ಸ್ಟಾಲ್ ಬ್ಯಾಕ್ಟೀರಿಯಾಕ್ಕೆ ಭಾರದ ಸಾರಜನಕ ಕೊಟ್ಟು ಬೆಳೆಸಿ, ಆಮೇಲೆ ಮಾಮೂಲಿ ಸಾರಜನಕಕ್ಕೆ ಹಾಕಿ, ಡಿಎನ್‌ಎ ತೂಕದಲ್ಲೇ ಲೆಕ್ಕ ತೋರಿಸಿದ್ರು. ಎರಡರ ಉತ್ತರವೂ ಒಂದೇ: ಪ್ರತಿ ಹೊಸ ಡಿಎನ್‌ಎಯಲ್ಲೂ ಅರ್ಧ ಹಳೇದು, ಅರ್ಧ ಹೊಸದು.

ಕೆಲಸ ನಡೆಯೋ ರೀತಿ ಹೀಗೆ. ಒಂದು ಕಿಣ್ವ ಎರಡೆಳೆಯನ್ನ ಜಿಪ್ ಬಿಚ್ಚಿದ ಹಾಗೆ ಬಿಚ್ಚುತ್ತೆ. ಇನ್ನೊಂದು ಕಿಣ್ವ, ಅದರ ಹೆಸರು ಪಾಲಿಮರೇಸ್, ಬಿಚ್ಚಿದ ಎಳೆಯನ್ನ ಓದ್ತಾ ಎದುರಿನ ಅಕ್ಷರ ಜೋಡಿಸ್ತಾ ಹೋಗುತ್ತೆ. ತಪ್ಪಕ್ಷರ ಕೂತ್ರೆ ಅಲ್ಲೇ ಹಿಂದೆ ಬಂದು ಕಿತ್ತು ಸರಿ ಹಾಕುತ್ತೆ. ಅದರ ಕಣ್ಣಿಗೂ ತಪ್ಪಿದ್ದನ್ನ ಹುಡುಕೋಕೆ ಹಿಂದೆ ಇನ್ನೊಂದು ತಂಡ ಬರುತ್ತೆ. ಇಷ್ಟೆಲ್ಲ ಆದ ಮೇಲೆ ನೂರು ಕೋಟಿ ಅಕ್ಷರಕ್ಕೆ ಒಂದು ತಪ್ಪು ಉಳಿದ್ರೆ ಹೆಚ್ಚು. ಅಮೆರಿಕನ್ ಹತ್ತಿಯ ಒಂದು ಪ್ರತಿಯಲ್ಲಿ ಸುಮಾರು 230 ಕೋಟಿ ಅಕ್ಷರ ಇವೆ ಅನ್ನೋದನ್ನ ಪಕ್ಕದಲ್ಲಿಟ್ಟು ನೋಡಿ. ಪ್ರತಿ ಪೂರ್ತಿ ಆಗಿಲ್ಲ ಅಂದ್ರೆ ವಿಭಜನೆ ಶುರುವಾಗದ ಹಾಗೆ ತಡೆಯೋ ವ್ಯವಸ್ಥೆನೂ ಕೋಶದಲ್ಲಿದೆ. ನಮ್ಮ ಆಫೀಸಲ್ಲಿ ಟೆಸ್ಟ್ ಪಾಸಾಗದೆ ರಿಲೀಸ್ ಮಾಡಬಾರದು ಅಂತಾರಲ್ಲ, ಹಾಗೆ. ಕೋಶ ಅದನ್ನ ನಮಗಿಂತ ಶಿಸ್ತಾಗಿ ಪಾಲಿಸುತ್ತೆ.

ಇದರ ಅರ್ಥ ಏನಂದ್ರೆ, ಒಂದು ಗಿಡದ ಬೇರು, ಕಾಂಡ, ಎಲೆ, ಎಲ್ಲ ಕಡೆಯೂ ಒಂದೇ ದಾಖಲೆ. ಬಾಳೆಕಂದು ಕಿತ್ತು ನೆಟ್ರೆ ತಾಯಿಬಾಳೆನೇ ಬರುತ್ತೆ. ಕಬ್ಬಿನ ಗೆಣ್ಣು ಊರಿದ್ರೆ ಅದೇ ಕಬ್ಬು. ಅಲ್ಲಿ ಬರೀ ಮೈಟಾಸಿಸ್, ಬರೀ ನಕಲು. ಚನ್ನಗಿರಿಯ ಅಡಿಕೆ ತೋಟದವರಿಗೆ ಮಾತ್ರ ಈ ಅನುಕೂಲ ಇಲ್ಲ. ಅಡಿಕೆಗೆ ಕೊಂಬೆ ಇಲ್ಲ, ಕಂದು ಇಲ್ಲ, ಬೆಳೆಯೋ ತುದಿ ಒಂದೇ. ಬೀಜದಿಂದಲೇ ಸಸಿ ಆಗಬೇಕು. ಒಳ್ಳೇ ತಾಯಿಮರ ಗುರುತಿಸಿ ಅದರ ಕಾಯಿಂದಲೇ ಸಸಿ ಮಾಡಿದ್ರೂ ಮರಗಳು ಒಂದೇ ಸಮ ಬರಲ್ಲ, ಅದು ಗೊತ್ತಾಗೋದು ಫಸಲು ಬರೋ ಹೊತ್ತಿಗೆ. ಯಾಕಂದ್ರೆ ಬೀಜ ಆಗೋ ದಾರಿಯೇ ಬೇರೆ.

ಆ ದಾರಿಯ ಹೆಸರು ಮಿಯಾಸಿಸ್. ಪ್ರತಿ ಕೋಶದಲ್ಲೂ ದಾಖಲೆ ಎರಡು ಕಟ್ಟು ಇರುತ್ತೆ, ಒಂದು ತಾಯಿ ಕಡೆಯದು, ಒಂದು ತಂದೆ ಕಡೆಯದು. ಪರಾಗ ಮತ್ತು ಅಂಡ ಆಗುವಾಗ ಗಿಡ ಈ ಎರಡು ಕಟ್ಟನ್ನ ಒಂದಕ್ಕೆ ಇಳಿಸಬೇಕು, ಇಲ್ಲಾಂದ್ರೆ ಪ್ರತಿ ತಲೆಮಾರಿಗೂ ಕಟ್ಟು ಡಬಲ್ ಆಗ್ತಾ ಹೋಗುತ್ತೆ. ಇಳಿಸೋಕೆ ಮುಂಚೆ ತಾಯಿ ಕಡೆಯ ತಂತು, ತಂದೆ ಕಡೆಯ ತಂತು ಜೋಡಿಯಾಗಿ ಪಕ್ಕಪಕ್ಕ ನಿಲ್ತವೆ, ಅಲ್ಲಲ್ಲಿ ತುಂಡು ಅದಲುಬದಲು ಮಾಡಿಕೊಳ್ತವೆ. ಈ ಅದಲುಬದಲನ್ನ ಕಣ್ಣಾರೆ ಸಾಬೀತು ಮಾಡಿದ್ದು 1931ರಲ್ಲಿ, ಹ್ಯಾರಿಯೆಟ್ ಕ್ರೈಟನ್ ಮತ್ತು ಬಾರ್ಬರಾ ಮೆಕ್ಲಿಂಟಾಕ್ ಅನ್ನೋ ಇಬ್ಬರು ಹೆಣ್ಣುಮಕ್ಕಳು, ಅದೂ ಮೆಕ್ಕೆಜೋಳದಲ್ಲಿ. ಆಮೇಲೆ ಪ್ರತಿ ಜೋಡಿಯಿಂದ ಒಂದೊಂದು ತಂತು ಲಾಟರಿ ಎತ್ತಿದ ಹಾಗೆ ಆ ಕಡೆಗೋ ಈ ಕಡೆಗೋ ಹೋಗುತ್ತೆ. ಅಂದ್ರೆ ಮೈಟಾಸಿಸ್ ನಕಲು ಮಾಡುತ್ತೆ, ಮಿಯಾಸಿಸ್ ಇಸ್ಪೀಟೆಲೆ ಕಲಸುತ್ತೆ.

ಈಗ ಹತ್ತಿಗೆ ಬರೋಣ. ನಮ್ಮ ಜವಾರಿ ಹತ್ತಿಯಲ್ಲಿ 26 ವರ್ಣತಂತು. ಧಾರವಾಡ ಸೀಮೆಯ ಎರೆಹೊಲದಲ್ಲಿ ಬೆಳೆದು ಕುಮಟಾ ಬಂದರಿನಿಂದ ಹಡಗು ಹತ್ತುತ್ತಿದ್ದ ಹತ್ತಿ ಇದೇ ಗುಂಪಿನದು, ವ್ಯಾಪಾರದಲ್ಲಿ ಅದಕ್ಕೆ ಕುಮಟಾ ಹತ್ತಿ ಅಂತಲೇ ಹೆಸರಿತ್ತು. ಮಳೆ ಕೈಕೊಟ್ರೂ ತಡ್ಕೊಳ್ಳೋ ಗಿಡ, ಆದ್ರೆ ಎಳೆ ಗಿಡ್ಡ. ಲಂಕಾಶೈರ್ ಗಿರಣಿಗೆ ಉದ್ದ ಎಳೆ ಬೇಕಿತ್ತು. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದಿಂದ ಬೀಜ ತರಿಸಿ ಹಲವು ಕಡೆ ಹಾಕಿಸ್ತು. ಚೆನ್ನಾಗಿ ಹಿಡಿದುಕೊಂಡ ಜಾಗಗಳಲ್ಲಿ ಧಾರವಾಡ ಒಂದು. ಈ ಅಮೆರಿಕನ್ ಹತ್ತಿಯಲ್ಲಿ 52 ತಂತು.

ಜವಾರಿಯ ಗಟ್ಟಿತನ, ಅಮೆರಿಕನ್ನಿನ ಉದ್ದ ಎಳೆ ಎರಡೂ ಒಂದೇ ಗಿಡದಲ್ಲಿ ಸಿಕ್ರೆ ಅಂತ ಯಾರಿಗಾದ್ರೂ ಅನಿಸುತ್ತೆ. ಆದ್ರೆ ಲೆಕ್ಕ ಕೂಡಲ್ಲ. ಜವಾರಿಯ ಅರ್ಧ 13, ಅಮೆರಿಕನ್ನಿನ ಅರ್ಧ 26, ಒಟ್ಟು 39. ಕಷ್ಟಪಟ್ಟು ಹುಟ್ಟಿಸಿದ ಗಿಡ ಬೆಳೆಯುತ್ತೆ, ಯಾಕಂದ್ರೆ ಮೈಟಾಸಿಸ್‌ಗೆ ಜೋಡಿ ಬೇಕಿಲ್ಲ, 39 ಇದ್ರೆ 39ನ್ನೇ ನಕಲು ಮಾಡುತ್ತೆ. ಹೂ ಬಿಡೋ ಹೊತ್ತಿಗೆ ಮಿಯಾಸಿಸ್ ಜೋಡಿ ಹುಡುಕುತ್ತೆ. 13 ತಂತುಗಳಿಗೆ ಜೋಡಿ ಸಿಗುತ್ತೆ, ಇನ್ನು 13 ಒಂಟಿಯಾಗಿ ನಿಲ್ತವೆ. ಹಂಚಿಕೆ ಕೆಡುತ್ತೆ, ಬೀಜ ಕಟ್ಟೋದೇ ಅಪರೂಪ. ನೀವು ಸೂಪರ್‌ಮಾರ್ಕೆಟಲ್ಲಿ ತಗೊಳ್ಳೋ ಬೀಜ ಇಲ್ಲದ ಕಲ್ಲಂಗಡಿಯ ಗುಟ್ಟೂ ಇದೇ, ಅಲ್ಲೂ ಮೂರು ಕಟ್ಟು ಇರುತ್ತೆ.

ಅಮೆರಿಕನ್ ಹತ್ತಿಗೆ 52 ಎಲ್ಲಿಂದ ಬಂತು ಅನ್ನೋದು ಇನ್ನೊಂದು ಸ್ವಾರಸ್ಯ. ಹತ್ತು ಇಪ್ಪತ್ತು ಲಕ್ಷ ವರ್ಷದ ಹಿಂದೆ ಹಳೇ ಪ್ರಪಂಚದ 26ರ ಹತ್ತಿಯೊಂದು ಹೇಗೋ ಸಮುದ್ರ ದಾಟಿ, ಅಮೆರಿಕದ 26ರ ಕಾಡು ಹತ್ತಿಯ ಜೊತೆ ಬೆರೆತು, ಆ ಬೆರಕೆಯಲ್ಲಿ ದಾಖಲೆ ಡಬಲ್ ಆಯ್ತು. ಪ್ರತಿ ಆಯ್ತು, ಪಾಲಾಗಲಿಲ್ಲ. ಪ್ರತಿಯೊಂದಕ್ಕೂ ಜೋಡಿ ಸಿಕ್ಕಿದ್ದರಿಂದ ಗಿಡ ಬೀಜ ಕಟ್ಟಿತು. 1940ರಲ್ಲಿ ಬೀಸ್ಲಿ ಅನ್ನೋ ವಿಜ್ಞಾನಿ ಇದನ್ನ ಮತ್ತೆ ಮಾಡಿ ತೋರಿಸಿದ. ಏಷ್ಯಾದ ಹತ್ತಿ, ಅಮೆರಿಕದ ಕಾಡು ಹತ್ತಿ ಸೇರಿಸಿ, ಕಾಲ್ಚಿಸಿನ್ ಅನ್ನೋ ಔಷಧಿ ಹಾಕಿ ದುಪ್ಪಟ್ಟು ಮಾಡಿದ. ವಿಭಜನೆ ಹೊತ್ತಲ್ಲಿ ತಂತುಗಳನ್ನ ಎರಡು ಕಡೆಗೆ ಎಳೆಯೋ ಹಗ್ಗಗಳು ಇರ್ತವೆ, ಕಾಲ್ಚಿಸಿನ್ ಅವು ಕಟ್ಟಿಕೊಳ್ಳದ ಹಾಗೆ ಮಾಡುತ್ತೆ. ನಕಲು ಆಗಿರುತ್ತೆ, ಎಳೆಯೋರು ಇಲ್ಲ. ಗೌರಿಹಬ್ಬದ ಹೊತ್ತಿಗೆ ಬೇಲಿಯಲ್ಲಿ ಬೆಂಕಿಬಣ್ಣದ ಅಗ್ನಿಶಿಖೆ ಹೂ ಅರಳಿರುತ್ತಲ್ಲ, ಅದರ ಗಡ್ಡೆಯಲ್ಲೂ ಬೀಜದಲ್ಲೂ ಇರೋ ವಿಷ ಇದೇ ಕಾಲ್ಚಿಸಿನ್.

52ರ ಜೊತೆ 52 ಸೇರಿಸಿದ್ರೆ ಲೆಕ್ಕದ ತೊಂದರೆ ಇಲ್ಲ. 1970ರಲ್ಲಿ ಸೂರತ್‌ನಲ್ಲಿ ಸಿ.ಟಿ. ಪಟೇಲ್ ಎರಡು ಅಮೆರಿಕನ್ ಹತ್ತಿ ಸೇರಿಸಿ ಎಚ್-4 ಅನ್ನೋ ಹೈಬ್ರಿಡ್ ಕೊಟ್ಟರು. ವ್ಯಾಪಾರಕ್ಕೆ ಬಂದ ಜಗತ್ತಿನ ಮೊದಲ ಹೈಬ್ರಿಡ್ ಹತ್ತಿ ಅದು. ಎರಡೇ ವರ್ಷಕ್ಕೆ, 1972ರಲ್ಲಿ, ಧಾರವಾಡದಲ್ಲಿ ಬಿ.ಎಚ್. ಕಾತರಕಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಲಕ್ಷ್ಮಿ ಅನ್ನೋ ಅಮೆರಿಕನ್ ಹತ್ತಿಗೆ ಈಜಿಪ್ಟ್ ಗುಂಪಿನ ಎಸ್‌ಬಿ 289ಇ ಅನ್ನೋ ಬೇರೆಯೇ ಜಾತಿಯ ಹತ್ತಿಯನ್ನ ಸೇರಿಸಿದರು. ಇಬ್ಬರದೂ 52. ಹುಟ್ಟಿದ್ದು ವರಲಕ್ಷ್ಮಿ: ಉದ್ದ ಎಳೆ, ದುಂಡಗೆ ಇಳುವರಿ. 1981ರಲ್ಲಿ ಅದೇ ಧಾರವಾಡದಿಂದ ಡಿಸಿಎಚ್-32, ಅಂದ್ರೆ ಜಯಲಕ್ಷ್ಮಿ. ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ದಾವಣಗೆರೆಯ ಸುತ್ತಮುತ್ತ ಈ ಎರಡು ಹೆಸರು ಕೇಳದ ಹಿರಿಯರು ಸಿಗೋದು ಕಷ್ಟ.

ಈ ಬೀಜ ಆಗೋದು ಕೈಯಲ್ಲಿ. ಹತ್ತಿ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಭಾಗ ಇರುತ್ತೆ. ನಾಳೆ ಅರಳೋ ಮೊಗ್ಗನ್ನ ಇವತ್ತು ಸಂಜೆ ಗುರುತಿಸಿ, ಹೆಬ್ಬೆರಳಿನ ಉಗುರಿನಿಂದ ಕೇಸರವನ್ನೆಲ್ಲ ಬಿಡಿಸಿ ತೆಗೀಬೇಕು, ನಡುವಿನ ಕಡ್ಡಿಗೆ ಪೆಟ್ಟಾಗಬಾರದು. ಬೆಳಿಗ್ಗೆ ಗಂಡು ಸಾಲಿನ ಹೂ ತಂದು ಅದರ ಪರಾಗ ಆ ಕಡ್ಡಿಯ ತುದಿಗೆ ಸವರಬೇಕು. ಒಂದೊಂದು ಹೂವಿಗೂ ಹೀಗೇ, ತಿಂಗಳುಗಟ್ಟಲೆ. ಹೊನ್ನಾಳಿಯಿಂದ ಹೊಳೆ ದಾಟಿ ಹೋದ್ರೆ ಸಿಗೋ ರಾಣೆಬೆನ್ನೂರು ಸೀಮೆ ಈ 'ಕ್ರಾಸಿಂಗ್' ಕೆಲಸಕ್ಕೆ ಹೆಸರಾಯ್ತು. ಹೆಚ್ಚಾಗಿ ಹೆಂಗಸರ ಕೂಲಿ. ದೇಶದ ಹತ್ತಿಬೀಜದ ಹೊಲಗಳಲ್ಲಿ ಶಾಲೆ ಬಿಟ್ಟ ಮಕ್ಕಳ ದುಡಿಮೆ ಬಗ್ಗೆ ವರ್ಷಗಟ್ಟಲೆ ವರದಿಗಳು ಬಂದಿವೆ. ಸಣ್ಣ ಬೆರಳು ಈ ಕೆಲಸಕ್ಕೆ ಅನುಕೂಲ ಅನ್ನೋ ಕೆಟ್ಟ ಲೆಕ್ಕ ಅದು.

ದೊಡ್ಡಪ್ಪನ ಪ್ರಶ್ನೆಗೆ ಉತ್ತರ ಇಲ್ಲಿದೆ. ಪ್ಯಾಕೆಟ್ ಬೀಜದ ಪ್ರತಿಯೊಂದರಲ್ಲೂ ಒಂದು ಕಟ್ಟು ತಾಯಿ ತಳಿಯದು, ಒಂದು ಕಟ್ಟು ತಂದೆ ತಳಿಯದು. ಎರಡೂ ತಳಿ ಶುದ್ಧ, ಹಾಗಾಗಿ ಕಲಸಿದ್ರೂ ಅದೇ ಎಲೆ, ಎಲ್ಲ ಬೀಜವೂ ಒಂದೇ. ಬಿತ್ತಿದ ಮೇಲೆ ಮೈಟಾಸಿಸ್ ಅದನ್ನೇ ನಕಲು ಮಾಡುತ್ತೆ, ಹೊಲ ಒಂದೇ ಸಮ ಕಾಣುತ್ತೆ. ಆ ಗಿಡ ತನ್ನ ಬೀಜ ಕಟ್ಟುವಾಗ ಮಾತ್ರ ಎರಡು ತಳಿಯ ಎಲೆ ಬೆರೆತು ಕಲಸುತ್ತೆ. 26 ಜೋಡಿಯಿಂದ ಒಂದೊಂದು ಆರಿಸೋಕೆ ಎಷ್ಟು ದಾರಿ ಅಂದ್ರೆ ಎರಡನ್ನ 26 ಸಲ ಗುಣಿಸಬೇಕು: 6,71,08,864. ತುಂಡುಗಳ ಅದಲುಬದಲು ಇದರಲ್ಲಿ ಸೇರಿಲ್ಲ. ಹಾಗಾಗಿ ಎತ್ತಿಟ್ಟ ಬೀಜದಿಂದ ಒಂದು ಗಿಡ ಎತ್ತರ, ಒಂದು ಗಿಡ್ಡ, ಒಂದರ ಎಳೆ ಉದ್ದ, ಒಂದರದು ಮೊಟಕು. ಅಂಥ ಬೆರಕೆ ಹತ್ತಿಗೆ ಮಂಡಿಯಲ್ಲಿ ಬೆಲೆ ಇಲ್ಲ. ಯಾರೂ ಏನೂ ಸೇರಿಸಿಲ್ಲ, ದೊಡ್ಡಪ್ಪ. ಗಿಡ ತನ್ನ ಕೆಲಸ ತಾನು ಮಾಡಿದೆ.

ಆದ್ರೆ ಗಿಡದ ಈ ಕೆಲಸವೇ ಒಬ್ಬರಿಗೆ ವ್ಯಾಪಾರ ಆಗಬಹುದು ಅನ್ನೋದು ಬೇಗ ಗೊತ್ತಾಯ್ತು. ಅಮೆರಿಕದಲ್ಲಿ ಜಾರ್ಜ್ ಶಲ್ 1908ರಲ್ಲಿ ಮೆಕ್ಕೆಜೋಳದ ಶುದ್ಧ ತಳಿಗಳನ್ನ ಸೇರಿಸಿದ್ರೆ ಬರೋ ಕಸುವಿನ ಬಗ್ಗೆ ಬರೆದ. 1926ರಲ್ಲಿ ಹೆನ್ರಿ ವ್ಯಾಲೇಸ್ ಹೈಬ್ರಿಡ್ ಮೆಕ್ಕೆಜೋಳ ಮಾರೋಕೇ ಕಂಪನಿ ಕಟ್ಟಿದ, ಮುಂದೆ ಅವನು ಆ ದೇಶದ ಉಪಾಧ್ಯಕ್ಷನೂ ಆದ. ತಂದೆತಾಯಿ ತಳಿ ಯಾರ ಕೈಯಲ್ಲಿದೆಯೋ ಅವರ ಹತ್ತಿರ ರೈತ ಪ್ರತಿ ವರ್ಷ ಬರಲೇಬೇಕು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಅದು ಸಬ್‌ಸ್ಕ್ರಿಪ್ಷನ್. ನಮ್ಮ ದೇಶದ ಮೊದಲ ಹೈಬ್ರಿಡ್ ಮೆಕ್ಕೆಜೋಳಗಳು 1961ರಲ್ಲಿ ಬಂದವು, ಗಂಗಾ, ರಂಜಿತ್, ಡೆಕ್ಕನ್ ಅನ್ನೋ ಹೆಸರಲ್ಲಿ. ಇವತ್ತು ಜಗಳೂರಿಂದ ನ್ಯಾಮತಿವರೆಗೆ ಮುಂಗಾರಿನಲ್ಲಿ ಕಣ್ಣು ಹಾಯಿಸಿದಷ್ಟೂ ಮೆಕ್ಕೆಜೋಳ, ಬಹುಪಾಲು ಹೈಬ್ರಿಡ್.

ಊರಿನ ಅನುಮಾನಕ್ಕೂ ಒಂದು ಇತಿಹಾಸ ಇದೆ, ಅದನ್ನ ಮೂಢನಂಬಿಕೆ ಅಂತ ತಳ್ಳಿಹಾಕೋದು ಸರಿಯಲ್ಲ. 1998ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಒಂದು ಪೇಟೆಂಟ್ ಆಯ್ತು. ಬೀಜ ಮೊಳೆಯದ ಹಾಗೆ ಮಾಡೋ ತಂತ್ರ, ಜಗತ್ತು ಅದಕ್ಕೆ 'ಟರ್ಮಿನೇಟರ್' ಅಂತ ಹೆಸರಿಟ್ಟಿತು. ಅದೇ ವರ್ಷ ನವೆಂಬರ್‌ನಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ಮುಂದಾಳತ್ವದಲ್ಲಿ ರೈತ ಸಂಘ ರಾಯಚೂರು, ಬಳ್ಳಾರಿ ಕಡೆ ಪ್ರಯೋಗದ ಬಿಟಿ ಹತ್ತಿ ಹೊಲಗಳಿಗೆ ಬೆಂಕಿ ಹಾಕಿತು. ಆ ಹೊಲಗಳಲ್ಲಿ ಇದ್ದದ್ದು ಕಾಯಿಕೊರಕ ಹುಳಕ್ಕೆ ವಿಷವಾಗೋ ಒಂದು ಬ್ಯಾಕ್ಟೀರಿಯಾ ಜೀನ್, ಟರ್ಮಿನೇಟರ್ ಅಲ್ಲ. ಆ ತಂತ್ರ ಮಾರುಕಟ್ಟೆಗೆ ಬರಲೇ ಇಲ್ಲ. ಆದ್ರೆ ರೈತರ ಒಳಗಿನ ಭಯ ಸರಿಯಾದ ಕಡೆಗೇ ಇತ್ತು: ಬೀಜ ನಮ್ಮ ಕೈ ತಪ್ಪುತ್ತೆ.

2001ರಲ್ಲಿ ಸಂಸತ್ತು ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಮಾಡ್ತು. ರೈತ ತಾನು ಬೆಳೆದ ಬೀಜವನ್ನ ಎತ್ತಿಡಬಹುದು, ಮತ್ತೆ ಬಿತ್ತಬಹುದು, ಹಂಚಬಹುದು, ಬ್ರ್ಯಾಂಡ್ ಹೆಸರಿಲ್ಲದೆ ಮಾರಲೂಬಹುದು ಅಂತ ಬರೆದುಕೊಡ್ತು. ಟರ್ಮಿನೇಟರ್ ತರಹದ ತಂತ್ರ ಇರೋ ತಳಿಗೆ ನೋಂದಣಿ ಇಲ್ಲ ಅಂತಲೂ ಬರೆದಿದೆ. ಮರುವರ್ಷ, 2002ರಲ್ಲಿ, ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ತು. ಬೇರೆ ಹೆಚ್ಚಿನ ದೇಶಗಳಲ್ಲಿ ಆ ಜೀನನ್ನ ಮಾಮೂಲಿ ತಳಿಗಳಿಗೆ ಸೇರಿಸಿದ್ರೆ ಇಲ್ಲಿ ಸೇರಿಸಿದ್ದು ಹೈಬ್ರಿಡ್‌ಗೆ. ಹೀಗೆ ಕಾಗದದ ಮೇಲೆ ಹಕ್ಕು ಬಂದ ಹೊತ್ತಿಗೇ ಹೊಲದಲ್ಲಿ ಅದರ ಬೆಲೆ ಹೋಯ್ತು. ಬೀಜ ಮೊಳೆಯುತ್ತೆ, ಕಾನೂನು ತಡೆಯಲ್ಲ, ಆದ್ರೂ ರೈತ ಪ್ಯಾಕೆಟ್ಟಿಗೆ ಕ್ಯೂ ನಿಲ್ತಾನೆ. ಟರ್ಮಿನೇಟರ್ ಬೇಕಾಗಲೇ ಇಲ್ಲ, ಮಿಯಾಸಿಸ್ ಸಾಕಾಯ್ತು.

ಹೈಬ್ರಿಡ್ ಬೇಡವಾಗಿತ್ತು ಅಂತ ನಾನು ಹೇಳ್ತಿಲ್ಲ. ವರಲಕ್ಷ್ಮಿ ತಂದ ದುಡ್ಡಲ್ಲಿ ಮನೆ ಕಟ್ಟಿದವರು, ಮಕ್ಕಳನ್ನ ಓದಿಸಿದವರು ನಮ್ಮ ಕಡೆ ಇದ್ದಾರೆ. ಆದ್ರೆ ಜೊತೆಗೆ ಒಂದು ವಿದ್ಯೆ ಹೋಯ್ತು. ಕಣದಲ್ಲಿ ಒಳ್ಳೇ ತೆನೆ ಆರಿಸಿ, ಬೂದಿ ಬೆರೆಸಿ, ಬೇವಿನ ಸೊಪ್ಪು ಹಾಕಿ ಗಡಿಗೆಯಲ್ಲಿ ಎತ್ತಿಡೋದು ಬರೀ ಉಳಿತಾಯ ಆಗಿರಲಿಲ್ಲ. ಮಿಯಾಸಿಸ್ ಕಲಸಿ ಕೊಟ್ಟ ಎಲೆಗಳಲ್ಲಿ ಜಗಳೂರಿನ ಮಳೆಗೆ, ಜಗಳೂರಿನ ಮಣ್ಣಿಗೆ ಹೊಂದೋದನ್ನ ವರ್ಷವರ್ಷ ಆರಿಸೋ ಕೆಲಸ ಅದು. ಜವಾರಿ ಜೋಳ, ನವಣೆ ಎಲ್ಲ ಹಾಗೆ ಆದವು. ಆರಿಸ್ತಿದ್ದವರು ಹೆಚ್ಚಾಗಿ ನಮ್ಮ ಅಜ್ಜಿಯರು. ಆ ಕೆಲಸ ಈಗ ಕಂಪನಿಯ ಲ್ಯಾಬಿನಲ್ಲಿದೆ, ಅವರ ಮಾರುಕಟ್ಟೆ ಲೆಕ್ಕದ ಪ್ರಕಾರ ನಡೆಯುತ್ತೆ.

ಕಥೆ ಇಲ್ಲಿಗೆ ನಿಂತಿಲ್ಲ. 2019ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ವೆಂಕಟೇಶನ್ ಸುಂದರೇಶನ್ ಮತ್ತು ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲಿ ಪಿಎಚ್‌ಡಿ ಮಾಡಿ ಹೋದ ಇಮ್ತಿಯಾಜ್ ಖಾಂಡೆ ಅವರ ತಂಡ ಭತ್ತದಲ್ಲಿ ಒಂದು ಕೆಲಸ ಮಾಡಿ ತೋರಿಸ್ತು. ಕೆಲವು ಜೀನ್‌ಗಳನ್ನ ತಿದ್ದಿ, ಗಿಡದ ಮಿಯಾಸಿಸ್ ಅನ್ನೇ ಮೈಟಾಸಿಸ್ ಹಾಗೆ ನಡೆಯೋ ಹಾಗೆ ಮಾಡಿ, ಕಲಸದೆ ತಾಯಿಯ ನಕಲಾಗಿಯೇ ಬೀಜ ಕಟ್ಟಿಸಿದ್ರು. 2022ರ ಹೊತ್ತಿಗೆ ಇವರೂ ಸೇರಿದ್ದ ಒಂದು ತಂಡ ಹೈಬ್ರಿಡ್ ಭತ್ತದಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಬೀಜ ಹೀಗೆ ಬರೋ ಮಟ್ಟಕ್ಕೆ ತಂತು. ಅಂದ್ರೆ ಎತ್ತಿಟ್ಟು ಮತ್ತೆ ಬಿತ್ತಬಹುದಾದ ಹೈಬ್ರಿಡ್. ದೊಡ್ಡಪ್ಪ ಕೇಳಿದ್ದು ಅದನ್ನೇ.

ಅದು ಹೊಲಕ್ಕೆ ಬಂದ ದಿನ ಗಿಡದೊಳಗಿನ ಬೀಗ ತೆರೆಯುತ್ತೆ. ಆಗ ಕಂಪನಿಗಳು ಕಾನೂನಿನ ಬೀಗ ಕೇಳ್ತವೆ, ಅದು ಖಂಡಿತ. 2001ರ ಕಾಯ್ದೆಯ ಆ ಒಂದು ಸೆಕ್ಷನ್, ಇಷ್ಟು ವರ್ಷ ಹೈಬ್ರಿಡ್ ಹೊಲದಲ್ಲಿ ಕೆಲಸಕ್ಕೆ ಬಾರದೆ ಕೂತಿದ್ದು, ಅವತ್ತು ಮೊದಲ ಸಲ ನಿಜವಾಗಿ ಬೇಕಾಗುತ್ತೆ. ಕಾಯ್ದೆಯಲ್ಲಿ ಅದರ ನಂಬರ್ 39. ಊರಲ್ಲಿ ಹೊಲ ಇರೋರು ನೆನಪಿಟ್ಟುಕೊಳ್ಳಿ.